ಹಿಡಿಕೆಯ ಗ್ಲಾಸು

ಶನಿವಾರ ಮಧ್ಯಾಹ್ನ ಪಾರ್ಸೆಲ್ ಆಫೀಸಿನ ಶಟರ್ ಅರ್ಧ ಇಳಿದ ಮೇಲೂ ಆ ದಿನ ತೂಕದ ಯಂತ್ರವನ್ನು ಯಾರೂ ಹತ್ತಲಿಲ್ಲ. ಕ್ಯಾಷಿಯರ್ ತನ್ನ ಗೂಡಿನಿಂದ ಹೊರಗೆ ಬಂದು, ಅಭ್ಯಾಸಬಲದಿಂದ ಚಪ್ಪಲಿ ಕಳಚಲು ಹೋದವಳು, ಪ್ಯಾಕಿಂಗಿನ ಅಕ್ಕ ಬಂದಿಲ್ಲವೆಂಬುದು ನೆನಪಾಗಿ ಮತ್ತೆ ಮೆಟ್ಟಿಕೊಂಡಳು. “ಇವತ್ತು ಬೇಡ ಬಿಡೇ, ತಕ್ಕಡಿ. ಅಕ್ಕ ಬಂದ ಮೇಲೆ ಮೂರೂ ಜನ ಒಟ್ಟಿಗೆ ನೋಡ್ಕೊಂಡ್ರಾಯ್ತು,” ಅಂದಳು. ತಕ್ಕಡಿ ಎಂದು ಕರೆಸಿಕೊಂಡವಳು ಯಂತ್ರದ ಪಕ್ಕದಲ್ಲೇ ನಿಂತಿದ್ದಳು. ಬುಕಿಂಗ್ ಕೌಂಟರಿನಲ್ಲಿ ಕೂತು ಬಂದದ್ದನ್ನೆಲ್ಲ ತೂಗುವುದು ಅವಳ ಕೆಲಸವಾದ್ದರಿಂದ ಆಫೀಸಿನಲ್ಲಿ ಆ ಹೆಸರು ಬಿದ್ದು ಬಹಳ ಕಾಲವಾಗಿತ್ತು. ಸ್ವಂತ ಹೆಸರಿನಿಂದ ಯಾರಾದರೂ ಕರೆದರೆ ಈಗ ಅವಳಿಗೇ ತಿರುಗಿ ನೋಡಲು ಒಂದು ಗಳಿಗೆ ಹಿಡಿಯುತ್ತಿತ್ತು. ಅವಳು ಯಂತ್ರದ ಸ್ವಿಚ್ಚು ಆರಿಸಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಶನಿವಾರ ತೂಕ ನೋಡಿಕೊಳ್ಳುವ ತನಕ ಮೂವರಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಸಂಜೆ ಅಕ್ಕನ ಹೊಟ್ಟೆನೋವು ತೋರಿಸಲು ಆಸ್ಪತ್ರೆಗೆ ಹೋಗಬೇಕು. ಅಕ್ಕ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಿಮ್ಮ ಭಾವನಿಗೆ ಡಾಕ್ಟರ ಮುಂದೆ ಬಾಯೇ ಬರಲ್ಲ ಕಣೇ. ನೀನು ಬಾ. ನೀನಿದ್ರೆ ನಂಗೆ ಧೈರ್ಯ.” ಆ ಕೊನೆಯ ಮಾತನ್ನು ಅಕ್ಕ ಆಡದೆ ಇದ್ದಿದ್ದರೆ ರಾತ್ರಿಯೆಲ್ಲ ಹೊರಳಾಡುವುದು ತಪ್ಪುತ್ತಿತ್ತು. ಡಾಕ್ಟರು ಮೊದಲು ಕೇಳುವುದೇ ತೂಕ. ಅಕ್ಕ ತನ್ನನ್ನು ತೋರಿಸಿ, ಇವಳನ್ನೇ ಕೇಳಿ, ಅನ್ನುತ್ತಾಳೆ.

ಆಫೀಸಿನ ಯಂತ್ರವೆಂದರೆ ನೆಲಕ್ಕೆ ಹತ್ತಿದಂತಿರುವ ಕಬ್ಬಿಣದ ಹಲಗೆ, ಅದರ ಪಕ್ಕದಲ್ಲಿ ಒಂದು ಕಂಬ, ಕಂಬದ ತುದಿಯಲ್ಲಿ ಕೆಂಪು ಅಂಕಿಗಳ ಪೆಟ್ಟಿಗೆ. ಆ ಪೆಟ್ಟಿಗೆಯ ಮುಖ ಕೌಂಟರಿನ ಒಳಗಡೆಗೆ. ಹಲಗೆಯ ಮೇಲೆ ನಿಂತವರಿಗೆ ಕಾಣುವುದು ಅದರ ಬೋಳು ಬೆನ್ನು ಮಾತ್ರ. ಗಿರಾಕಿಗಳು ಇದಕ್ಕಾಗಿ ದಿನಾ ಜಗಳ ತೆಗೆಯುತ್ತಿದ್ದರು. ಮನೇಲಿ ತೂಗಿದಾಗ ಇಷ್ಟಿರ್ಲಿಲ್ಲ, ಇಲ್ಲಿ ಹ್ಯಾಗೆ ಜಾಸ್ತಿ ಆಯ್ತು ಅನ್ನುತ್ತಿದ್ದರು. ಆಗ ಹಿಂದಿನ ಕೋಣೆಯಿಂದ ಅಕ್ಕ, ಕೈಬಳೆಯ ಹಾಗೆ ತೊಟ್ಟ ಟೇಪಿನ ಸುರುಳಿಯ ಸಮೇತ ಈಚೆ ಬಂದು, “ಸೀಲ್ ಹಾಕ್ಸಿರೋ ಮಿಷನ್ನು ಸ್ವಾಮಿ, ಅದು ಸುಳ್ಳು ಹೇಳಲ್ಲ. ಇವಳಂತೂ ಮೊದಲೇ ಹೇಳಲ್ಲ,” ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಅಕ್ಕ ಪ್ಯಾಕಿಂಗಿನವಳು, ಒಡಹುಟ್ಟಿದವಳಲ್ಲ, ಆಫೀಸಿಗೆಲ್ಲ ಅಕ್ಕ. ಯಾರು ಎಂಥ ವಸ್ತು ತಂದರೂ, ಗಾಜಿನ ದೀಪವಾಗಲಿ ತೊಟ್ಟಿಲಾಗಲಿ, ಕಾಗದ ಸುತ್ತಿ, ಹುರಿ ಬಿಗಿದು, ಮೇಲೊಂದು ಸಲ ತಟ್ಟಿ ಕಳಿಸುವಳು. ಆ ತಟ್ಟುವುದು ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, ದೂರ ಹೋಗೋದಲ್ವೇನೇ ಪಾಪ, ಅಂದಿದ್ದಳು. ಶನಿವಾರ ಕೆಲಸ ಮುಗಿದ ಮೇಲೆ ಅದೇ ಹಲಗೆಯ ಮೇಲೆ ಮೂವರೂ ಒಬ್ಬೊಬ್ಬರಾಗಿ ನಿಲ್ಲುವುದು ಶುರುವಾದದ್ದು ತಮಾಷೆಗೆ. ಚಪ್ಪಲಿ, ಕೈಗಡಿಯಾರ, ಬೀಗದ ಕೈ ಗೊಂಚಲು ಎಲ್ಲ ಬಿಚ್ಚಿಡುವುದು. ಅಕ್ಕ ಟೇಪಿನ ಸುರುಳಿಯನ್ನೂ ತೆಗೆದು, “ಉಸಿರು ಬಿಟ್ಟು ನಿಲ್ಲಲೋ, ಹಿಡಿದು ನಿಲ್ಲಲೋ?” ಎಂದು ಪ್ರತಿ ವಾರ ಕೇಳುವಳು. ಅಕ್ಕನ ಅಂಕಿಯನ್ನು, ಕ್ಯಾಷಿಯರಳ ಅಂಕಿಯನ್ನು ಕೌಂಟರಿನವಳಾದ ಅವಳು ಓದುತ್ತಿದ್ದಳು. ಅವಳು ಹತ್ತಿದಾಗ ಕ್ಯಾಷಿಯರ್ ಒಳಗೆ ಹೋಗಿ, ಬೀದಿಯವರಿಗೂ ಕೇಳುವ ಹಾಗೆ ಓದುತ್ತಿದ್ದಳು.

ಆಮೇಲೆ ಮೂಲೆಯ ಬಾರಿನ ಮಹಡಿ, ಹೆಂಗಸರು ಕೂರಲೆಂದು ಪರದೆ ಕಟ್ಟಿದ ಕೋಣೆ. ಮೂವರಿಗೆ ಎರಡು ಬಾಟಲಿ, ಹೆಚ್ಚಿಲ್ಲ. ಒಂದು ಗ್ಲಾಸು ಬಿಯರೆಂದರೆ ಬೆಣ್ಣೆ ಹಚ್ಚಿದ ಇಷ್ಟು ಬ್ರೆಡ್ಡಿಗೆ ಸಮ ಎಂದು ಕ್ಯಾಷಿಯರ್ ತನ್ನ ಫೋನಿನಲ್ಲಿ ನೋಡಿ ಹೇಳುವಳು. ಹಾಗಾದರೆ ಬೆಳಗಿನದು ಬಿಟ್ಟದ್ದಕ್ಕೆ ಇದು ಸರಿಹೋಯಿತು, ಮಧ್ಯಾಹ್ನದ್ದು ಬಿಟ್ಟದ್ದಕ್ಕೆ ಇನ್ನರ್ಧ ಗ್ಲಾಸು ಬರಬೇಕು ಎಂದು ಅಕ್ಕ ವಾದ ಹೂಡುವಳು. ಕಡಲೆಬೀಜದ ತಟ್ಟೆಯನ್ನು ವೇಟರಿಗೆ ಹಿಂದಕ್ಕೆ ಕೊಟ್ಟು ಸೌತೆಕಾಯಿ ತರಿಸುವರು. ಎರಡು ಮಾಮೂಲಿ ಗ್ಲಾಸು, ಒಂದು ದಪ್ಪ ಗಾಜಿನ ದೊಡ್ಡ ಹಿಡಿಕೆಯ ಗ್ಲಾಸು. ಆ ವಾರ ಯಾರು ಹೆಚ್ಚು ಇಳಿದಿದ್ದಾರೋ ಅವರಿಗೆ ಹಿಡಿಕೆಯದು. ಮೊದಲ ಗುಟುಕಿಗೆ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೊರೆ ಮೂಗಿನ ತುದಿಗೆ ಹತ್ತಿದ್ದನ್ನು ಒರೆಸದೆ, “ವಾರವೆಲ್ಲ ಊರೋರ ಗಂಟು ಕಟ್ಟಿದ್ದಾಯ್ತು, ಇನ್ನು ನಮ್ಮದು ಬಿಚ್ಚೋಣ,” ಎನ್ನುವಳು. ಗಿರಾಕಿಗಳ ದನಿಯನ್ನು ಅಣಕಿಸುವಳು, ಗಂಡನ ಗೊರಕೆಯನ್ನು ಅಣಕಿಸುವಳು, ನಕ್ಕು ನಕ್ಕು ಕ್ಯಾಷಿಯರಿಗೆ ಬಿಕ್ಕಳಿಕೆ ಬರುತ್ತಿತ್ತು. ಇಷ್ಟು ನಗು ತಕ್ಕಡಿಯ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಅಮ್ಮ ಸತ್ತ ಮೇಲೆ ಎರಡು ಕೋಣೆಗಳ ಆ ಮನೆಯಲ್ಲಿ ಅವಳು ಒಬ್ಬಳೇ, ಮಾತಾಡಲು ರೇಡಿಯೋ. ವಾರದ ಆರು ದಿನ ಅವಳು ದಾಟುತ್ತಿದ್ದದ್ದು ಆ ಪರದೆಯ ಒಳಗೆ ಹೋಗಿ ಕೂರುವುದಕ್ಕಾಗಿ. ಇದನ್ನು ಅವಳು ಅಕ್ಕನಿಗೆ ಒಮ್ಮೆಯೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವನು ಅವಳ ತೊಡೆ ತಗಲದ ಹಾಗೆ ತನ್ನ ಚೀಲವನ್ನು ಮಧ್ಯೆ ಇಟ್ಟುಕೊಂಡ, ಅದನ್ನು ಕಂಡೂ ಕಾಣದ ಹಾಗೆ ಅವಳು ಹೊರಗೆ ನೋಡಿದಳು. ಮ್ಯಾನೇಜರ್ ಅಂದ ಮಾತೂ ಅಂಥ ದೊಡ್ಡದೇನಲ್ಲ. ಬೇಸಿಗೆಯ ಶುರುವಿನಲ್ಲಿ, ಶಟರ್ ಇಳಿಸುವ ಹೊತ್ತಿಗೆ ಬಂದವನು ಹಲಗೆಯ ಮೇಲೆ ಅಕ್ಕನನ್ನು ನೋಡಿ, “ಒಬ್ರು ಇಳೀತಿದ್ದೀರಿ, ಇನ್ನೊಬ್ರು ಏರ್ತಿದ್ದೀರಿ. ಆಫೀಸಿನ ಒಟ್ಟು ಲೋಡು ಮಾತ್ರ ಅಷ್ಟೇ ಇದೆ,” ಅಂದ. ಲಾರಿಗೆ ಪಾರ್ಸೆಲ್ ಏರಿಸುತ್ತಿದ್ದವರೂ ನಕ್ಕರು, ಕ್ಯಾಷಿಯರ್ ನಕ್ಕಳು, ಅಕ್ಕ ಮಾತ್ರ, “ಏರೋದು ಇಳಿಯೋದು ನಿಮಗ್ಯಾಕೆ ಸಾರ್, ನೀವೇನು ಹೊರ್ತೀರಾ?” ಎಂದು ಅವನಿಗೆ ತಿರುಗಿಸಿ ಕೊಟ್ಟಳು. ಏರುತ್ತಿದ್ದವಳು ತಾನೇ ಎಂದು ಗೊತ್ತಿದ್ದೂ ಅವಳೂ ನಕ್ಕಳು. ನಗದೆ ಏನು ಮಾಡುವುದು. ಚಿಕ್ಕಂದಿನಲ್ಲಿ ಶಾಲೆಯ ನಾಟಕದಲ್ಲಿ ಅವಳನ್ನು ಯಾವಾಗಲೂ ಮರ ಮಾಡುತ್ತಿದ್ದರು. ಕೈ ಅಗಲಿಸಿ ಹಿಂದೆ ನಿಲ್ಲುವುದು. ಅಮ್ಮ ನೋಡಲು ಬಂದು, ಮನೆಗೆ ಹೋಗುವಾಗ, ಮರ ಚೆನ್ನಾಗಿತ್ತು ಅಂದಿದ್ದಳು. ಮ್ಯಾನೇಜರ್ ಹಾಗಂದ ಮುಂದಿನ ಶನಿವಾರ ಅಕ್ಕ ಹಲಗೆ ಹತ್ತಿದಾಗ ಅಂಕಿ ಮತ್ತೆ ಇಳಿದಿತ್ತು. ಆ ಸಲ ಅವಳೂ ಒಂದಿಷ್ಟು ಇಳಿದಿದ್ದಳು, ಬೆಳಿಗ್ಗೆ ಯಾರೂ ಇಲ್ಲದಾಗ ಕಳ್ಳತನದಲ್ಲಿ ನೋಡಿಕೊಂಡಿದ್ದಳು. ಆ ವಾರ ಬಿಟ್ಟರೆ ಹಿಡಿಕೆಯ ಗ್ಲಾಸು ತನ್ನ ಕೈಗೆ ಇನ್ನು ಬರುವುದಿಲ್ಲ ಅನ್ನಿಸಿತು. ಬಾಯಿಂದ ಮಾತು ತಾನಾಗಿಯೇ ಹೊರಬಿತ್ತು. “ಹೋದ ವಾರದಷ್ಟೇ ಅಕ್ಕಾ. ಎಪ್ಪತ್ತೆಂಟು.”

ಅಕ್ಕನ ಮುಖ ಸಪ್ಪಗಾಯಿತು. “ಹೋಗ್ಲಿ ಬಿಡು. ನೀನು ಗೆದ್ದೆಯಲ್ಲ, ಅಷ್ಟು ಸಾಕು,” ಎಂದು ಬೆನ್ನು ತಟ್ಟಿದಳು, ಪಾರ್ಸೆಲಿಗೆ ತಟ್ಟಿದ ಹಾಗೆ. ಆವತ್ತು ಹಿಡಿಕೆಯ ಗ್ಲಾಸಿನ ಬಿಯರ್ ಅವಳಿಗೆ ನಿಜಕ್ಕೂ ರುಚಿಸಿತು. ರುಚಿಸಲಿಲ್ಲ ಎಂದುಕೊಳ್ಳಲು ಆಮೇಲೆ ಎಷ್ಟೋ ಸಲ ಯತ್ನಿಸಿದಳು, ಆದರೆ ರುಚಿಸಿದ್ದು ನಿಜ. ಮುಂದಿನ ವಾರ ಸರಿಪಡಿಸಿದರಾಯಿತು ಅಂತಿದ್ದಳು. ಮುಂದಿನ ವಾರ ಅಂಕಿ ಇನ್ನೂ ಕೆಳಗಿತ್ತು, ಈಗ ನಿಜ ಹೇಳಿದರೆ ಒಮ್ಮೆಲೇ ಇಷ್ಟು ಇಳಿದದ್ದು ಹೇಗೆ ಎಂದು ಕೇಳುತ್ತಾರೆ. ಹೀಗೆ ಒಂದು ಸುಳ್ಳಿಗೆ ಇನ್ನೊಂದನ್ನು ಹೊಂದಿಸುತ್ತ ಹೋದಳು. ನಂಬಲಿ ಅಂತ ಆಗೊಮ್ಮೆ ಈಗೊಮ್ಮೆ ಕಾಲು ಕಿಲೋ ಇಳಿಸಿ ಮುಂದಿನ ವಾರ ಅರ್ಧ ಕಿಲೋ ಏರಿಸುವಳು. ಅಕ್ಕ ಮೊದಲು ರಾತ್ರಿಯ ಊಟ ಬಿಟ್ಟಳು, ಆಮೇಲೆ ಹಾಲು ಬಿಟ್ಟಳು. “ಏನು ಬಿಟ್ರೂ ಇಳೀತಿಲ್ವಲ್ಲೇ, ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ ನಂಗೆ,” ಎಂದು ನಗುತ್ತಿದ್ದಳು. ಪ್ಯಾಕಿಂಗಿನ ನೀಲಿ ಕೋಟು ಮೊದಲೇ ದೊಡ್ಡದು, ಬಾರಿಗೂ ಅದನ್ನೇ ತೊಟ್ಟು ಬರುತ್ತಿದ್ದಳು, ಅದರೊಳಗೆ ಮೈ ಎಷ್ಟಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಕ್ಯಾಷಿಯರ್ ಒಂದು ದಿನ, ಅಕ್ಕನ ಮುಖ ಸಣ್ಣ ಆಗಿದೆ ಅಲ್ವಾ, ಅಂದಾಗ ಅವಳೇ, ತಲೆ ಎಳೆದು ಬಾಚಿದ್ದಾಳೆ ಅಷ್ಟೇ, ಅಂದಳು. ಅಕ್ಕನಿಗಾದರೂ ಗೊತ್ತಾಗಬಾರದಿತ್ತೇ? ಹುಟ್ಟಿದಾಗಿನಿಂದ ದಪ್ಪ ಅನ್ನಿಸಿಕೊಂಡವರು ಕನ್ನಡಿಯಲ್ಲಿ ಯಾವತ್ತೂ ದಪ್ಪಗೇ ಕಾಣುತ್ತಾರೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಟ್ಟೆ ಸಡಿಲವಾದರೆ ಅಕ್ಕ ಬಟ್ಟೆಯನ್ನೇ ಬೈದು ಪಿನ್ನು ಹಾಕಿಕೊಳ್ಳುತ್ತಿದ್ದಳು. ಮಿಷನ್ನು ಸುಳ್ಳು ಹೇಳುವುದಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ನೀಲಿ ಕೋಟಿಲ್ಲದೆ ಅಕ್ಕನನ್ನು ನೋಡಿ ಎಷ್ಟು ಕಾಲವಾಗಿತ್ತೋ, ಅವಳಿಗೆ ಮೊದಲು ಗುರುತೇ ಹತ್ತಲಿಲ್ಲ. ಯಾರೋ ಮುದುಕಿ ಎಂದುಕೊಂಡು ದಾಟಿ ಹೋಗುವುದರಲ್ಲಿದ್ದಳು. “ಎಲ್ಲಿಗೆ ಹೊರಟೆ?” ಎಂದಿತು ಆ ಹಳೆಯ ದನಿ. ಅಕ್ಕನ ಪಕ್ಕದಲ್ಲಿ ಕೂತಾಗ ಅಕ್ಕ ತಾನಾಗಿಯೇ ಅವಳ ಕೈ ಹಿಡಿದುಕೊಂಡಳು. ಹೊಟ್ಟೆಯ ನೋವು ಹೀಗೆ ಬರುತ್ತದೆ, ಹೀಗೆ ಹೋಗುತ್ತದೆ ಎಂದೆಲ್ಲ ಹೇಳಿ, “ಉಪವಾಸ ಜಾಸ್ತಿ ಆಯ್ತು ಅಂತ ಬೈತಾರೆ ನೋಡು. ನೀನು ಬಿಟ್ಕೊಡಬೇಡ,” ಅಂದಳು. ಹೆಸರು ಕೂಗಿದರು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಹಳೆಯ ಚೀಟಿಗಳನ್ನು ನೋಡುತ್ತಲೇ, ಇತ್ತೀಚೆಗೆ ತೂಕ ಇಳಿದಿದೆಯಾ ಎಂದು ಕೇಳಿದಳು. “ಇಳೀಲಿ ಅಂತ್ಲೇ ಊಟ ಬಿಟ್ಟೆ ಡಾಕ್ಟ್ರೇ. ಒಂದು ಗ್ರಾಮೂ ಇಳಿದಿಲ್ಲ,” ಅಂದಳು ಅಕ್ಕ. ಡಾಕ್ಟರು ತಲೆಯೆತ್ತಿ ಅಕ್ಕನ ಕತ್ತಿನ ಎಲುಬನ್ನು ನೋಡಿ, ಮೂಲೆಯ ತೂಕದ ಯಂತ್ರವನ್ನು ತೋರಿಸಿದಳು. ಅದರ ಅಂಕಿ ಕಾಲಿನ ಬಳಿಯೇ ಇತ್ತು, ನಿಂತವರಿಗೇ ಕಾಣುವ ಹಾಗೆ. ಅಕ್ಕ ಚಪ್ಪಲಿ ಬಿಚ್ಚಿ ಹತ್ತಿ, ಬಗ್ಗಿ ನೋಡಿದಳು. ಮತ್ತೊಮ್ಮೆ ಬಗ್ಗಿದಳು. ಆಮೇಲೆ ಜೋರಾಗಿ ನಕ್ಕಳು. “ನಿಮ್ಮ ಮಿಷನ್ ರಿಪೇರಿಗೆ ಕೊಡಿ ಡಾಕ್ಟ್ರೇ. ಅರವತ್ನಾಲ್ಕಂತೆ. ನಮ್ಮಲ್ಲಿ ಸೀಲ್ ಹಾಕ್ಸಿರೋ ಮಿಷನ್ನಿದೆ. ಇವಳೇ ವಾರವಾರ ತೂಗೋದು, ಒಂದು ಗ್ರಾಮಿಗೂ ಬಿಡೋಳಲ್ಲ ಇವಳು. ಕೇಳಿ ಬೇಕಾದ್ರೆ.” ಹೇಳಿ, ಹೆಮ್ಮೆಯಿಂದ ಅವಳ ಕಡೆ ತಿರುಗಿದಳು.

ಡಾಕ್ಟರೂ ತಿರುಗಿದಳು. “ನಿಮ್ಮಲ್ಲಿ ಕೊನೇ ಸಲ ಎಷ್ಟಿತ್ತು?” ನಮ್ಮ ಮಿಷನ್ನೇ ಕೆಟ್ಟಿರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಎಂಥ ಸಲೀಸಾದ ಮಾತು. ಯಾರಿಗೂ ನೋವಿಲ್ಲ, ಯಂತ್ರಕ್ಕೆ ಏನೂ ಆಗಬೇಕಾದ್ದಿಲ್ಲ, ಮುಂದಿನ ಶನಿವಾರವೂ ಪರದೆಯ ಒಳಗೆ ಮೂವರೂ ಕೂರಬಹುದು. ಅಕ್ಕ ಇನ್ನೂ ಯಂತ್ರದ ಮೇಲೇ ನಿಂತಿದ್ದಳು, ಹೆಬ್ಬೆರಳುಗಳನ್ನು ಒಳಗೆ ಮಡಿಚಿಕೊಂಡು. “ಎಷ್ಟು ಕಾಲದಿಂದ ಎಷ್ಟು ಇಳಿದಿದೆ ಅಂತ ನಂಗೆ ಸರಿಯಾಗಿ ಗೊತ್ತಾಗ್ಬೇಕು,” ಎಂದಳು ಡಾಕ್ಟರು. “ಯಾವ ಪರೀಕ್ಷೆ ಮೊದಲು, ಎಷ್ಟು ಬೇಗ, ಅನ್ನೋದು ಅದರ ಮೇಲಿದೆ.”

“ಇದೇ ಸರಿ ಡಾಕ್ಟ್ರೇ,” ಅಂದಳು ಅವಳು. ತನ್ನ ದನಿ ಕೌಂಟರಿನಲ್ಲಿ ಗಿರಾಕಿಗೆ ಹೇಳುವ ದನಿಯ ಹಾಗೇ ಇದೆಯಲ್ಲ ಅನ್ನಿಸಿತು. “ನಮ್ಮಲ್ಲೂ ಹೋದ ವಾರ ಹತ್ತಿರ ಹತ್ತಿರ ಇಷ್ಟೇ. ಬೇಸಿಗೆಯಿಂದ ಪ್ರತಿ ವಾರ ಇಳೀತಾನೇ ಇದೆ. ನಾನು ಹೇಳ್ತಿರ್ಲಿಲ್ಲ.”

ಅಕ್ಕನ ನಗು ಕೂಡಲೇ ಹೋಗಲಿಲ್ಲ. ಇದೂ ಒಂದು ತಮಾಷೆ, ಕೊನೆಯ ಮಾತು ಇನ್ನೂ ಬರಬೇಕಾಗಿದೆ ಎಂಬಂತೆ ಕಾದಳು. ಡಾಕ್ಟರು ಬೈಯಲಿಲ್ಲ, ಬರೆದುಕೊಂಡಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಆಗಲೇ ಗೊತ್ತಾಗಿದ್ದಿದ್ರೆ,” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಅಕ್ಕನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿ ಹೇಳಿದಳು: ಒಂದು ಕಡೆ ಗಡುಸಾಗಿದೆ, ಸೋಮವಾರವೇ ಸ್ಕ್ಯಾನು, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಅಷ್ಟರಲ್ಲಿ ಏನು ಸೇರಿದರೆ ಅದನ್ನು ತಿನ್ನಿ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. “ಶನಿವಾರ ಒಂದು ಗ್ಲಾಸು ಬಿಯರ್ ಕುಡೀತೀನಿ ಡಾಕ್ಟ್ರೇ. ಕುಡೀಬಹುದಾ?” ಪರೀಕ್ಷೆ ಮುಗಿಯುವ ತನಕ ಬೇಡ ಅಂದಳು ಡಾಕ್ಟರು.

ಮೆಟ್ಟಿಲಿಳಿಯುವಾಗ ತೋಳು ಹಿಡಿಯಲು ಹೋದರೆ ಅಕ್ಕ ಮೆಲ್ಲನೆ ಬಿಡಿಸಿಕೊಂಡು ಪಕ್ಕದ ಕಂಬಿ ಹಿಡಿದಳು. ಮನೆಗೆ ಕರೆದುಕೊಂಡು ಹೋಗಲು ಬಸ್ಸಿನ ಕಡೆ ಹೊರಟವಳಿಗೆ, “ಆ ಕಡೆ ಯಾಕೆ? ಶನಿವಾರ ತಾನೇ,” ಎಂದು ಬಾರಿನ ಬೀದಿಗೆ ತಿರುಗಿದಳು. ಪರದೆಯ ಒಳಗೆ ವೇಟರ್, ಕ್ಯಾಷಿಯರ್ ಬಂದಿಲ್ಲವೆಂದು ನೋಡದೆ, ಎಂದಿನಂತೆ ಎರಡು ಬಾಟಲಿ, ಮೂರು ಗ್ಲಾಸು ತಂದಿಟ್ಟ. ಅಕ್ಕ ಒಂದು ಬಾಟಲಿಯನ್ನೂ ಎರಡು ಮಾಮೂಲಿ ಗ್ಲಾಸುಗಳನ್ನೂ ವಾಪಸು ಕಳಿಸಿ, ತನಗೆ ಸೂಪು, ಬೆಣ್ಣೆ ಹಚ್ಚಿದ ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ ಹೇಳಿದಳು. ಉಳಿದ ಹಿಡಿಕೆಯ ಗ್ಲಾಸನ್ನು ಓರೆಯಾಗಿ ಹಿಡಿದು ನೊರೆ ಉಕ್ಕದ ಹಾಗೆ ಬಿಯರ್ ಬಗ್ಗಿಸಿ ಅವಳ ಮುಂದೆ ಸರಿಸಿದಳು. “ಕುಡಿ. ನಂಗೆ ಬೇಡ ಅಂದಿದ್ದಾರೆ, ನಿಂಗಲ್ಲ.” ಬ್ರೆಡ್ಡಿನ ಒಂದು ಮೂಲೆ ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ಇನ್ನೊಂದು ಚೂರು ಮುರಿದಳು, ಬಾಯಿಗೆ ತರಲಿಲ್ಲ. “ಸೇರಲ್ಲ ಕಣೇ. ಬಿಟ್ಟೂ ಬಿಟ್ಟೂ ಅಭ್ಯಾಸ ಆಯ್ತು, ಹಸಿವನ್ನ ಗೆದ್ದೆ ಅಂದ್ಕೊಂಡಿದ್ದೆ ನಾನು.” ತಟ್ಟೆಯನ್ನೂ ಅವಳ ಕಡೆ ತಳ್ಳಿದಳು. “ಯಾಕೆ ಹಾಗೆ ಮಾಡ್ದೆ?”

ಅವಳು ಗ್ಲಾಸನ್ನು ಮುಟ್ಟಲಿಲ್ಲ. “ಒಂದು ಸಲ ಈ ಗ್ಲಾಸು ನಂಗೆ ಬರ್ಲಿ ಅನ್ನಿಸ್ತು,” ಅಂದಳು. ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಅಲ್ಪವಾದದ್ದೆಂದು ಕೇಳಿಸಿತು. ಅಕ್ಕ ಗ್ಲಾಸಿನ ಹಿಡಿಕೆಯನ್ನು ಅವಳ ಕಡೆ ತಿರುಗಿಸಿದಳು.

“ಕೇಳಿದ್ರೆ ಕೊಡ್ತಿದ್ನಲ್ಲೇ.”

ಅಳು ಬಂದದ್ದು ಆಗ. ಅಳಲು ತನಗೆ ಹಕ್ಕಿಲ್ಲವೆಂದು ಗೊತ್ತಿದ್ದೂ ತಡೆಯಲಾಗಲಿಲ್ಲ. ಅಕ್ಕ ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಕೂಡಿಸುತ್ತ ಕೂತಳು. ಅಳು ನಿಂತ ಮೇಲೆ, “ಹೇಳು ಈಗ. ನಿಂಗೆ ಅಂಕಿ ಮರೆಯಲ್ಲ. ಮೊದಲಿಂದ ಹೇಳು,” ಅಂದಳು. ಏನನ್ನು ಎಂದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. “ನನ್ನ ತೂಕ. ನಂದಲ್ವಾ, ನಂಗೆ ಹೇಳಬೇಡ್ವಾ?”

ಅವಳು ಹೇಳತೊಡಗಿದಳು. ನಿಜಕ್ಕೂ ಒಂದನ್ನೂ ಮರೆತಿರಲಿಲ್ಲ. ಮೊದಲ ವಾರ ಎಪ್ಪತ್ತೆಂಟು ಅಂದದ್ದು ಎಪ್ಪತ್ತಾರೂವರೆ. ಆಮೇಲೆ ಎಪ್ಪತ್ತಾರು. “ಎಪ್ಪತ್ತಾರಾ?” ಅಂದಳು ಅಕ್ಕ. ಅವಳು ತಲೆಯೆತ್ತಿ ನೋಡಿದಳು. ಅಕ್ಕನ ಮುಖ ಅರಳುತ್ತಿತ್ತು. ಮೊದಲ ಗುಟುಕಿಗೆ ಮುಚ್ಚುವ ಹಾಗೆ ಕಣ್ಣು ಮುಚ್ಚಿ, “ಆಮೇಲೆ?” ಎಂದಳು. ಎಪ್ಪತ್ತೈದು, ಎಪ್ಪತ್ತಮೂರೂವರೆ. “ಅಯ್ಯೋ, ಅಷ್ಟು ಇಳಿದಿದ್ನಾ ನಾನು? ಆ ಹಾಲು ಬಿಟ್ಟಿದ್ದಕ್ಕೆ ಇರ್ಬೇಕು.” ಎಪ್ಪತ್ತೆರಡು ಅಂದಾಗ ಮೇಜನ್ನು ಮೆಲ್ಲನೆ ತಟ್ಟಿದಳು. ಎಪ್ಪತ್ತು ಅಂದಾಗ, “ಮದುವೇಲಿ ಅಷ್ಟಿದ್ದೆ ಕಣೇ,” ಅಂದಳು, ಗುಟ್ಟು ಹೇಳುವ ಹಾಗೆ. ಅಷ್ಟೂ ವಾರ ಸಿಗಬೇಕಾಗಿದ್ದ ಖುಷಿ ಅದು. ತಾನು ತಡೆದು ಇಟ್ಟುಕೊಂಡದ್ದನ್ನು ಈಗ ಒಂದೊಂದೇ ಎತ್ತಿ ಕೊಡುತ್ತಿದ್ದೇನೆ, ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಾಳೆ ಅನ್ನಿಸಿತು. ನಿಲ್ಲಿಸಲೇ ಎಂದುಕೊಂಡಳು, ನಿಲ್ಲಿಸುವ ಧೈರ್ಯವಾಗಲಿಲ್ಲ. ಅರವತ್ತೊಂಬತ್ತು, ಅಂದಳು. ಅಕ್ಕ ಇನ್ನೂ ನಗುತ್ತಿದ್ದಳು. ಮುಂದಿನ ವಾರ ಅರವತ್ತೇಳು.

ಅಕ್ಕ ಕಣ್ಣು ತೆರೆದಳು. ನಗು ತುಟಿಯಲ್ಲಿತ್ತು, ಆದರೆ ಎಡಗೈ ತಾನಾಗಿಯೇ ಹೋಗಿ ಬಲಗೈಯ ಮಣಿಕಟ್ಟನ್ನು ಹಿಡಿದಿತ್ತು. ಹೆಬ್ಬೆರಳು ಉಳಿದ ಬೆರಳುಗಳನ್ನು ದಾಟಿ ಮೇಲೆ ಬಂದದ್ದನ್ನು, ಬೇರೆ ಯಾರದೋ ಕೈ ನೋಡುವ ಹಾಗೆ, ನೋಡಿಕೊಂಡಳು. ಪರದೆಯ ಆಚೆ ಯಾರೋ ಬಾಟಲಿ ತೆರೆದರು.

“ಆ ವಾರ,” ಎಂದಳು ಅಕ್ಕ, “ನಿಂಗೇನೂ ಅನ್ನಿಸ್ಲಿಲ್ವಾ?”

ಇಲ್ಲ ಅನ್ನಬಹುದಿತ್ತು. ಹೊಟ್ಟೆಕಿಚ್ಚು, ಅಷ್ಟೇ, ಬೇರೇನೂ ಹೊಳೆಯಲಿಲ್ಲ ಅನ್ನಬಹುದಿತ್ತು. ಇಷ್ಟು ದಿನ ತನಗೆ ತಾನೂ ಅಷ್ಟನ್ನೇ ಹೇಳಿಕೊಂಡಿದ್ದಳು. ಆದರೆ ಆ ಶನಿವಾರ ಅಕ್ಕ ಹಲಗೆಯ ಮೇಲೆ ನಿಂತು, ಉಸಿರು ಹಿಡಿಯಲೋ ಬಿಡಲೋ ಎಂದು ಕೇಳುತ್ತಿದ್ದಾಗ, ಕೆಂಪು ಅಂಕಿಯನ್ನು ಅವಳು ಎರಡು ಸಲ ನೋಡಿದ್ದಳು. ಇದು ಊಟ ಬಿಟ್ಟದ್ದಲ್ಲ, ಬೇರೆ ಏನೋ, ಎಂದು ಅವಳಿಗೆ ಆಗಲೇ ಖಚಿತವಾಗಿ ಗೊತ್ತಾಗಿತ್ತು.

“ಹೆದರಿಕೆ ಆಯ್ತು ಅಕ್ಕಾ,” ಅಂದಳು.

“ಆದ್ರೂ ಎಪ್ಪತ್ತೆಂಟು ಅಂದೆ.”

“ಅಂದೆ.”

ಅಕ್ಕ ತಲೆಯಾಡಿಸಿದಳು. ಮಣಿಕಟ್ಟನ್ನು ಬಿಟ್ಟು ಕೈಗಳೆರಡನ್ನೂ ಮಡಿಲಿನಲ್ಲಿ ಇಟ್ಟುಕೊಂಡಳು. “ಸರಿ,” ಅಂದಳು, “ಮುಂದಿನ ವಾರದ್ದು ಹೇಳು.”

ಅವಳು ಹೇಳಿದಳು.